ಅಂತರಿಕ್ಷ ಯಾನಗಳಿಗೆ ರಿಲೇ ಉಪಗ್ರಹ ಸೇವೆಯ ಸರ್ಕಾರಿ ಖರೀದಿ: ಬೆಳಗಾವಿ–ಖಾನಾಪುರದ ನೆಲೆಯಿಂದ ಒಂದು ವಿವೇಚನೆ

ಬೆಳಗಾವಿ ನಗರದಿಂದ ಖಾನಾಪುರದ ಕಡೆಗೆ ಸಾಗುವ ಹೆದ್ದಾರಿಯ ಬದಿಯಲ್ಲಿ, ಮಚ್ಛೆ ಗ್ರಾಮದ ಸಮೀಪ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’ ಆವರಣವಿದೆ. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳನ್ನು ಒಂದೇ ವ್ಯವಸ್ಥೆಯಡಿ ತರುವ ಉದ್ದೇಶದಿಂದ 1998ರಲ್ಲಿ ಆರಂಭಗೊಂಡ ಈ ವಿಶ್ವವಿದ್ಯಾಲಯಕ್ಕೆ ಭಾರತದ ಉಪಗ್ರಹ ಸಂವಹನದ ಇತಿಹಾಸದಲ್ಲಿ ಸಣ್ಣದಾದರೂ ಮರೆಯಬಾರದ ಸ್ಥಾನವೊಂದಿದೆ. ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವು 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಕಕ್ಷೆಗೇರಿತು. ಆ ಯೋಜನೆಯ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ಈ ವಿಶ್ವವಿದ್ಯಾಲಯವೂ ಒಂದು. ಉಳಿದೆರಡು ಮಧ್ಯಪ್ರದೇಶದ ರಾಜೀವ್ ಗಾಂಧಿ ತಾಂತ್ರಿಕ ವಿಶ್ವವಿದ್ಯಾಲಯ ಹಾಗೂ ನಾಸಿಕದ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ. ಪ್ರಾಯೋಗಿಕ ಹಂತದಲ್ಲಿ ಬಳಕೆಯಾದದ್ದು ಇನ್ಸಾಟ್-3ಬಿ ಉಪಗ್ರಹದ ಕೆಯು ಬ್ಯಾಂಡ್ ಟ್ರಾನ್ಸ್‌ಪಾಂಡರ್. ಆಡಳಿತ ಕಚೇರಿ ಬೆಳಗಾವಿಯಲ್ಲಿ, ಇ-ಕಲಿಕಾ ಕೇಂದ್ರ ಮೈಸೂರಿನಲ್ಲಿ, ವಿದ್ಯಾರ್ಥಿಗಳು ನಾಡಿನ ಉದ್ದಗಲದಲ್ಲಿ. ಇವರನ್ನು ಬೆಸೆದದ್ದು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಒಂದು ಮರುಪ್ರಸಾರ ಕೊಂಡಿ.

ಎಜುಸ್ಯಾಟ್ 2010ರ ಸೆಪ್ಟೆಂಬರ್‌ನಲ್ಲಿ ನಿವೃತ್ತವಾಯಿತು. ಅದೇ ವರ್ಷದ ಏಪ್ರಿಲ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಎರಡು ಜಿಎಸ್‌ಎಲ್‌ವಿ ಉಡಾವಣೆಗಳು ವಿಫಲಗೊಂಡು ಜಿಸ್ಯಾಟ್-4 ಹಾಗೂ ಜಿಸ್ಯಾಟ್-5ಪಿ ಉಪಗ್ರಹಗಳು ನಷ್ಟವಾದವು. ಶಿಕ್ಷಣ ಜಾಲಗಳನ್ನು ಬೇರೆ ಉಪಗ್ರಹಗಳಿಗೆ ವರ್ಗಾಯಿಸಲಾಯಿತೆಂಬುದು ನಿಜ. ಆದರೆ ತರಗತಿಯಲ್ಲಿ ಕುಳಿತ ವಿದ್ಯಾರ್ಥಿಗೂ ಪಾಠ ಹೇಳುವ ಅಧ್ಯಾಪಕನಿಗೂ ಕೈಗೆಟುಕದ ಒಂದು ವಸ್ತುವಿನ ಆಯುಷ್ಯದ ಮೇಲೆ ಇಡೀ ವ್ಯವಸ್ಥೆ ನಿಂತಿತ್ತೆಂಬುದು ಆಗ ಮನವರಿಕೆಯಾಯಿತು. ಕೊಂಡಿ ಯಾರದು, ಅದು ಕಡಿದರೆ ಹೊಣೆ ಯಾರದು ಎಂಬ ಈ ಪ್ರಶ್ನೆಯೇ ಪ್ರಸ್ತುತ ಲೇಖನದ ವಸ್ತು. ವ್ಯತ್ಯಾಸವಿಷ್ಟೆ: ಇಲ್ಲಿ ನಾವು ಪರಿಶೀಲಿಸುವುದು ತರಗತಿಗಳ ಸಂಪರ್ಕವನ್ನಲ್ಲ, ಕಕ್ಷೆಯಲ್ಲಿ ಸುತ್ತುವ ನೌಕೆಗಳ ಹಾಗೂ ಅವುಗಳಲ್ಲಿ ಕುಳಿತ ಮನುಷ್ಯರ ಸಂಪರ್ಕವನ್ನು. ಆ ಸಂಪರ್ಕವನ್ನು ಸರ್ಕಾರಗಳು ತಾವೇ ಕಟ್ಟಿಕೊಳ್ಳಬೇಕೇ, ವಾಣಿಜ್ಯ ಸಂಸ್ಥೆಗಳಿಂದ ಕೊಳ್ಳಬೇಕೇ ಎಂಬುದು ಇಂದು ಜಗತ್ತಿನಾದ್ಯಂತ ಚರ್ಚೆಯಲ್ಲಿರುವ ಸಂಗತಿ.

ಕಣಿವೆ ಮತ್ತು ಕಕ್ಷೆ

ರಿಲೇ ಉಪಗ್ರಹದ ಅಗತ್ಯವನ್ನು ಅರಿಯಲು ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗಕ್ಕಿಂತ ಉತ್ತಮ ಪಾಠಶಾಲೆ ಬೇರೊಂದಿಲ್ಲ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿ, ಜಾಂಬೋಟಿ, ಭೀಮಗಡದ ಅರಣ್ಯದೊಳಗಿನ ಆಮಗಾಂವ್, ಗವಾಳಿ, ಪಾಸ್ತೊಳಿ ಮೊದಲಾದ ಊರುಗಳು ಸಹ್ಯಾದ್ರಿಯ ಮಡಿಕೆಗಳಲ್ಲಿ ಹುದುಗಿವೆ. ರೇಡಿಯೋ ತರಂಗಗಳು, ಅದರಲ್ಲೂ ಹೆಚ್ಚು ಆವೃತ್ತಿಯವು, ಬಹುಮಟ್ಟಿಗೆ ನೇರ ರೇಖೆಯಲ್ಲಿ ಚಲಿಸುತ್ತವೆ. ಗೋಪುರಕ್ಕೂ ಗ್ರಾಹಕನಿಗೂ ನಡುವೆ ಗುಡ್ಡವೊಂದು ನಿಂತರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಆಗ ಇರುವ ದಾರಿ ಎರಡೇ: ಪ್ರತಿ ಕಣಿವೆಗೂ ಒಂದೊಂದು ಗೋಪುರ ನಿಲ್ಲಿಸುವುದು, ಇಲ್ಲವೇ ಎರಡೂ ಕಡೆ ಕಾಣುವ ಎತ್ತರದ ನೆತ್ತಿಯೊಂದರ ಮೇಲೆ ಮರುಪ್ರಸಾರಕವನ್ನು ಇಡುವುದು.

ಕಕ್ಷೆಯಲ್ಲಿರುವ ನೌಕೆಗೆ ಅಡ್ಡ ನಿಲ್ಲುವ ಗುಡ್ಡವೆಂದರೆ ಭೂಮಿಯೇ. 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ನೌಕೆಯು ಸುಮಾರು ಒಂದೂವರೆ ಗಂಟೆಗೆ ಒಂದು ಪ್ರದಕ್ಷಿಣೆ ಮುಗಿಸುತ್ತದೆ. ಒಂದು ಭೂಕೇಂದ್ರದ ದಿಗಂತದ ಮೇಲೆ ಅದು ಮೂಡಿ ಮುಳುಗುವ ನಡುವಿನ ಅವಧಿ ನೆತ್ತಿಯ ಮೇಲೆಯೇ ಹಾದರೂ ಹತ್ತು ನಿಮಿಷ. ಓರೆಯಾಗಿ ಹಾದರೆ ಇನ್ನೂ ಕಡಿಮೆ. ಮುಂದಿನ ಸುತ್ತಿಗೆ ಭೂಮಿ ಪೂರ್ವಕ್ಕೆ ಹೊರಳಿರುವುದರಿಂದ ನೌಕೆಯ ಹಾದಿ ಪಶ್ಚಿಮಕ್ಕೆ ಸರಿದಿರುತ್ತದೆ. ಹಲವು ಸುತ್ತುಗಳಲ್ಲಿ ಅದು ನಮಗೆ ಕಾಣುವುದೇ ಇಲ್ಲ. ಒಟ್ಟಾರೆ ದಿನದ 1,440 ನಿಮಿಷಗಳಲ್ಲಿ ಒಂದು ಕೇಂದ್ರಕ್ಕೆ ದೊರೆಯುವುದು ಮುಕ್ಕಾಲು ಗಂಟೆಯ ಆಸುಪಾಸು. 2010ರ ಜುಲೈನಲ್ಲಿ ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಿನಲ್ಲಿ ಏರಿದ ಸ್ಟಡ್‌ಸ್ಯಾಟ್, ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗ್ರಾಮಿಗೂ ಕಡಿಮೆ ತೂಕದ ಉಪಗ್ರಹ. ಅದರ ಭೂಕೇಂದ್ರವಿದ್ದದ್ದು ಬೆಂಗಳೂರಿನ ಒಂದು ಕಾಲೇಜಿನಲ್ಲಿ. ಉಪಗ್ರಹವು ದಿಗಂತದ ಮೇಲೆ ಬಂದಾಗ ಮಾತ್ರ ಅದರ ಕ್ಷೇಮ ತಿಳಿಯಬೇಕು, ಉಳಿದ ಹೊತ್ತು ಕಾಯಬೇಕು. ವಿದ್ಯಾರ್ಥಿಗಳ ಪ್ರಯೋಗಕ್ಕೆ ಇಷ್ಟು ಸಾಕು. ಮನುಷ್ಯರನ್ನು ಹೊತ್ತ ನೌಕೆಗೆ ಸಾಲದು.

ಈಗ ಮರುಪ್ರಸಾರಕವನ್ನು ಭೂಸ್ಥಿರ ಕಕ್ಷೆಯಲ್ಲಿಟ್ಟು ನೋಡೋಣ. ಅಷ್ಟು ಎತ್ತರದಿಂದ ಕೆಳಗೆ ನೋಡಿದರೆ, ಕೆಳಕಕ್ಷೆಯ ನೌಕೆಯು ತನ್ನ ಸುತ್ತಿನ ಅರ್ಧಕ್ಕೂ ತುಸು ಹೆಚ್ಚು ಭಾಗದಲ್ಲಿ ಕಾಣಿಸುತ್ತದೆ. ಎರಡು ರಿಲೇ ಉಪಗ್ರಹಗಳನ್ನು ಸಾಕಷ್ಟು ಅಂತರದಲ್ಲಿ ನಿಲ್ಲಿಸಿದರೆ ಬಹುಪಾಲು ಸುತ್ತು ಅವುಗಳ ಕಣ್ಣಿಗೆ ಬೀಳುತ್ತದೆ. ಆದರೆ ಎರಡೂ ಒಂದೇ ದೇಶದ ನೆಲದಿಂದ ಕಾಣಬೇಕೆಂಬ ಷರತ್ತು ಹಾಕಿದರೆ ಅವುಗಳನ್ನು ತೀರ ದೂರ ಇಡಲಾಗದು; ಆ ದೇಶದ ವಿರುದ್ಧ ದಿಕ್ಕಿನ ಗೋಳಾರ್ಧದಲ್ಲಿ ಒಂದು ಕುರುಡು ಪಟ್ಟಿ ಉಳಿಯುತ್ತದೆ. ಅಮೆರಿಕದ ರಿಲೇ ವ್ಯವಸ್ಥೆಯ ಭೂಕೇಂದ್ರ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿದ್ದುದರಿಂದ ಅವರ ಕುರುಡು ಪಟ್ಟಿ ಬಿದ್ದದ್ದು ನಮ್ಮ ಹಿಂದೂ ಮಹಾಸಾಗರದ ಮೇಲೆ. ಗುವಾಮ್ ದ್ವೀಪದಲ್ಲಿ ಇನ್ನೊಂದು ಕೇಂದ್ರ ಕಟ್ಟಿ ಅದನ್ನು ಮುಚ್ಚಬೇಕಾಯಿತು. ನಾವು ನಮ್ಮ ನೆಲದಿಂದಲೇ ಎಲ್ಲವನ್ನೂ ನಡೆಸುವುದಾದರೆ ನಮ್ಮ ಕುರುಡು ಪಟ್ಟಿ ಅಮೆರಿಕ ಖಂಡಗಳ ದಿಕ್ಕಿಗೆ ಬೀಳುವುದು ಸಹಜ. ವಿದೇಶಿ ನೆಲದ ಕೇಂದ್ರವನ್ನೋ ಪರರ ಉಪಗ್ರಹವನ್ನೋ ಅವಲಂಬಿಸುವುದು ಕೇವಲ ಹಣಕಾಸಿನ ಲೆಕ್ಕಾಚಾರವಲ್ಲ, ಭೂಮಿಯ ಆಕಾರದಿಂದಲೇ ಹುಟ್ಟಿದ ಅಗತ್ಯ ಎಂಬುದನ್ನು ಇಲ್ಲಿ ಗಮನಿಸಬೇಕು.

2025ರ ಒಂದು ಪ್ರಸಂಗ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುತ್ತದೆ. ಆ ವರ್ಷದ ಜೂನ್ 26ರಂದು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣವನ್ನು ತಲುಪಿದ ಶುಭಾಂಶು ಶುಕ್ಲಾ ಅವರು ಜುಲೈ 4ರಂದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದಿದ್ದವರೊಡನೆ ಹ್ಯಾಮ್ ರೇಡಿಯೋ ಮೂಲಕ ಮಾತನಾಡಿದರು. ಇಂತಹ ನೇರ ರೇಡಿಯೋ ಸಂಪರ್ಕ ನಿಲ್ದಾಣವು ದಿಗಂತದ ಮೇಲಿರುವಷ್ಟು ಹೊತ್ತು ಮಾತ್ರ. ನಿಲ್ದಾಣದ ದೈನಂದಿನ ಮಾತುಕತೆ, ದತ್ತಾಂಶ, ದೃಶ್ಯಗಳೆಲ್ಲ ಸಾಗುವುದು ರಿಲೇ ಉಪಗ್ರಹಗಳ ಮೂಲಕ. ನೆರೆಯ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐಐಟಿ ಜಂಟಿಯಾಗಿ ರೂಪಿಸಿದ ಹೆಸರು ಹಾಗೂ ಮೆಂತ್ಯ ಕಾಳು ಮೊಳೆಸುವ ಪ್ರಯೋಗವೂ ಅದೇ ಯಾನದಲ್ಲಿ ನಡೆಯಿತು. ಬೆಳಗಾವಿ ಸೀಮೆಗೆ ಅಂತರಿಕ್ಷ ಯಾನ ಈಗ ಪತ್ರಿಕೆಯಲ್ಲಿ ಓದುವ ಸುದ್ದಿಯಷ್ಟೇ ಆಗಿ ಉಳಿದಿಲ್ಲ.

ಎರಡು ಕೆಲಸ ಮಾಡಿದ ಒಂದು ಉಪಗ್ರಹ

ರಿಲೇ ಸಂವಹನದ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಅನಿರೀಕ್ಷಿತವಾದ ನಂಟೊಂದಿದೆ. 1974ರ ಮೇ 30ರಂದು ಅಮೆರಿಕ ಹಾರಿಸಿದ ಎಟಿಎಸ್-6 ಉಪಗ್ರಹವು ಒಂಬತ್ತು ಮೀಟರಿಗೂ ಹೆಚ್ಚು ವ್ಯಾಸದ, ಕೊಡೆಯಂತೆ ಬಿಚ್ಚಿಕೊಳ್ಳುವ ಆಂಟೆನಾವನ್ನು ಹೊಂದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅದು ಭಾರತಕ್ಕೆ ಎರವಲಾಗಿ ದೊರೆತು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳನ್ನು ಮುಟ್ಟಿಸಿತು. ‘ಸೈಟ್’ ಎಂದು ಪ್ರಸಿದ್ಧವಾದ ಈ ಪ್ರಯೋಗದಲ್ಲಿ ಕರ್ನಾಟಕದ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಸೇರಿದ್ದವು. ಕನ್ನಡವೂ ಅದರ ಭಾಷೆಗಳಲ್ಲಿ ಒಂದಾಗಿತ್ತು. ಬೆಳಗಾವಿ ಜಿಲ್ಲೆ ಆ ಪಟ್ಟಿಯಲ್ಲಿರಲಿಲ್ಲ. ನೆರೆಯ ವಿಜಾಪುರದವರೆಗೆ ಬಂದ ಪ್ರಯೋಗ ಅಲ್ಲಿಗೇ ನಿಂತಿತು.

ಸೈಟ್‌ನ ಕುರಿತು ಕನ್ನಡದಲ್ಲಿ ಸಾಕಷ್ಟು ಬರೆಯಲಾಗಿದೆ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ, ಅದಕ್ಕೆ ಕೆಲವೇ ದಿನಗಳ ಹಿಂದೆ, 1975ರ ಜುಲೈನಲ್ಲಿ, ಅಪೊಲೊ–ಸೋಯುಜ್ ಜಂಟಿ ಯಾನದ ಸಂಕೇತಗಳನ್ನು ಭೂಮಿಗೆ ಮರುಪ್ರಸಾರ ಮಾಡಿದ್ದೂ ಇದೇ ಉಪಗ್ರಹ. ಭೂಕೇಂದ್ರಗಳನ್ನೇ ನೆಚ್ಚಿದ್ದರೆ ಕಕ್ಷೆಯ ಸಣ್ಣ ಪಾಲಿನಲ್ಲಿ ಮಾತ್ರ ದೊರೆಯುತ್ತಿದ್ದ ಸಂಪರ್ಕವು ಅರ್ಧಕ್ಕೂ ಹೆಚ್ಚು ಭಾಗಕ್ಕೆ ವಿಸ್ತರಿಸಿತು. ವಿಜಾಪುರದ ಹಳ್ಳಿಯ ಚಾವಡಿಯಲ್ಲಿ ಮೂಡಿದ ಚಿತ್ರ ಮತ್ತು ಅಂತರಿಕ್ಷದಲ್ಲಿ ಎರಡು ರಾಷ್ಟ್ರಗಳ ಯಾತ್ರಿಗಳು ಕೈಕುಲುಕಿದ ಯಾನದ ಸಂಕೇತಗಳು ಒಂದೇ ಕೊಡೆಯಡಿಯಿಂದ ಬಂದವು. ನಮಗೆ ಅದು ದೊರೆತದ್ದು ಖರೀದಿಯಿಂದಲ್ಲ, ಒಪ್ಪಂದದಿಂದ. ಅವಧಿ ಮುಗಿದೊಡನೆ ಅದನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು.

ಕೊಂಡದ್ದು, ಬಾಡಿಗೆಗೆ ಪಡೆದದ್ದು, ಬಾಡಿಗೆಗೆ ಕೊಟ್ಟದ್ದು

ಸರ್ಕಾರವೊಂದು ಉಪಗ್ರಹ ಸಂವಹನವನ್ನು ಪಡೆಯುವ ಬಗೆಗಳು ಹಲವು. ಉಪಗ್ರಹವನ್ನೇ ಕಟ್ಟಬಹುದು ಅಥವಾ ಕೊಳ್ಳಬಹುದು. ಬೇರೊಬ್ಬರ ಉಪಗ್ರಹದಲ್ಲಿ ಟ್ರಾನ್ಸ್‌ಪಾಂಡರ್‌ಗಳನ್ನು, ಅಂದರೆ ನಿರ್ದಿಷ್ಟ ಮೆಗಾಹರ್ಟ್ಸ್‌ಗಳ ಸಾಮರ್ಥ್ಯವನ್ನು, ವರ್ಷದ ಲೆಕ್ಕದಲ್ಲಿ ಗುತ್ತಿಗೆಗೆ ಹಿಡಿಯಬಹುದು. ಇಲ್ಲವೇ ಉಪಗ್ರಹದ ಗೊಡವೆಗೇ ಹೋಗದೆ ಇಷ್ಟು ನಿಮಿಷ, ಇಷ್ಟು ದತ್ತಾಂಶ ಎಂದು ಸೇವೆಯನ್ನು ಮಾತ್ರ ಕೊಳ್ಳಬಹುದು. ಮನೆ ಕಟ್ಟಿಸುವುದು, ಮನೆಯನ್ನು ಬಾಡಿಗೆಗೆ ಹಿಡಿಯುವುದು, ವಸತಿಗೃಹದಲ್ಲಿ ತಂಗುವುದು ಇವುಗಳ ನಡುವಿನ ಅಂತರ ಇಲ್ಲಿಯೂ ಇದೆ. ಕೊನೆಯದರಲ್ಲಿ ಬಂಡವಾಳದ ಹೊರೆಯಿಲ್ಲ. ಕೋಣೆ ಖಾಲಿ ಇಲ್ಲವೆಂದರೆ ಹೊರಗೆ ನಿಲ್ಲಬೇಕು, ಅಷ್ಟೇ.

ಭಾರತಕ್ಕೆ ಮೊದಲ ಎರಡು ಬಗೆಗಳ ಅನುಭವ ಧಾರಾಳವಾಗಿದೆ. 1997ರ ಜೂನ್‌ನಲ್ಲಿ ಹಾರಿದ ಇನ್ಸಾಟ್-2ಡಿ ಅದೇ ಅಕ್ಟೋಬರ್‌ನಲ್ಲಿ ವಿದ್ಯುತ್ ವ್ಯವಸ್ಥೆಯ ದೋಷದಿಂದ ನಿಷ್ಕ್ರಿಯವಾಯಿತು. ಹೊಸ ಉಪಗ್ರಹ ಕಟ್ಟಲು ವರ್ಷಗಳು ಬೇಕು. ಆಗ ಇಲಾಖೆಯು ಕಕ್ಷೆಯಲ್ಲಿ ಈಗಾಗಲೇ ಇದ್ದ ಅರಬ್‌ಸ್ಯಾಟ್-1ಸಿ ಎಂಬ ಉಪಗ್ರಹವನ್ನು ಖರೀದಿಸಿ, ಸ್ಥಳಾಂತರಿಸಿ, ಇನ್ಸಾಟ್-2ಡಿಟಿ ಎಂದು ಹೆಸರಿಟ್ಟು, ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದಿಂದ ನಡೆಸಿತು. ಮುಟ್ಟಿ ನೋಡಲಾಗದ, ಬಳಸಿ ಹಳತಾದ ವಸ್ತುವೊಂದನ್ನು ಸರ್ಕಾರ ಕೊಳ್ಳುವುದೆಂದರೆ ಲೆಕ್ಕಪರಿಶೋಧಕರಿಗೆ ವಿಚಿತ್ರವಾಗಿ ಕಂಡೀತು. ಆದರೆ ತುರ್ತು ಅಗತ್ಯಕ್ಕೆ ಅದು ತಕ್ಕ ಉತ್ತರವಾಗಿತ್ತೆಂದೇ ನನ್ನ ಅಭಿಪ್ರಾಯ. ವಿರುದ್ಧ ದಿಕ್ಕಿನ ವ್ಯವಹಾರವೂ ಉಂಟು: 1999ರ ಇನ್ಸಾಟ್-2ಇ ಉಪಗ್ರಹದಲ್ಲಿ ಹನ್ನೊಂದು ಟ್ರಾನ್ಸ್‌ಪಾಂಡರ್‌ಗಳಷ್ಟು ಸಾಮರ್ಥ್ಯವನ್ನು ಇಂಟೆಲ್‌ಸ್ಯಾಟ್ ಸಂಸ್ಥೆಗೆ ಗುತ್ತಿಗೆಗೆ ಕೊಡಲಾಯಿತು. ಸ್ವದೇಶಿ ಸಾಮರ್ಥ್ಯ ಸಾಲದಾದಾಗ ಡಿಟಿಎಚ್ ಸಂಸ್ಥೆಗಳಿಗಾಗಿ ವಿದೇಶಿ ಟ್ರಾನ್ಸ್‌ಪಾಂಡರ್‌ಗಳನ್ನು ಬೆಂಗಳೂರಿನ ಆಂಟ್ರಿಕ್ಸ್ ಮೂಲಕ ಒದಗಿಸುವ ಪದ್ಧತಿಯೂ ಬೆಳೆಯಿತು.

ಒಪ್ಪಂದವನ್ನು ಬಿಗಿಯಾಗಿ, ಪಾರದರ್ಶಕವಾಗಿ ರಚಿಸದಿದ್ದರೆ ಏನಾಗಬಹುದೆಂಬುದಕ್ಕೆ ಆಂಟ್ರಿಕ್ಸ್–ದೇವಾಸ್ ಪ್ರಕರಣವೇ ಸಾಕ್ಷಿ. 2005ರ ಜನವರಿಯಲ್ಲಿ ಸಹಿಯಾದ ಎಸ್ ಬ್ಯಾಂಡ್ ಗುತ್ತಿಗೆಯನ್ನು 2011ರಲ್ಲಿ ರದ್ದುಪಡಿಸಲಾಯಿತು. 2015ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿ 56.25 ಕೋಟಿ ಡಾಲರ್ ಪರಿಹಾರ ವಿಧಿಸಿತು. 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಂಚನೆಯ ಆಧಾರದ ಮೇಲೆ ದೇವಾಸ್ ಸಂಸ್ಥೆಯನ್ನು ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು. ಆ ವ್ಯಾಜ್ಯದ ವಿವರಗಳಿಗೆ ಇಲ್ಲಿ ಹೋಗುವುದಿಲ್ಲ. ತರಂಗಗುಚ್ಛವೆಂಬುದು ಕಾಣದ ಸ್ವತ್ತು. ಅದನ್ನು ಕೊಡುವಾಗಲೂ ಕೊಳ್ಳುವಾಗಲೂ ಭೂಮಿಯನ್ನು ಅಳೆದಂತೆಯೇ ಅಳೆದು ಬರೆಯಬೇಕೆಂಬುದಷ್ಟು ನಮ್ಮ ಪ್ರಸ್ತುತ ಚರ್ಚೆಗೆ ಸಾಕು.

ನಳಂದಾ ಮತ್ತು ಯಮುನಾ

ಯಾನಗಳಿಗಾಗಿ ಹೊರಗಿನಿಂದ ಪಡೆದ ಸೇವೆಯ ಅತ್ಯಂತ ಬೋಧಪ್ರದವಾದ ಭಾರತೀಯ ಉದಾಹರಣೆ ಉಪಗ್ರಹವಲ್ಲ, ಹಡಗು. ಮಂಗಳಯಾನವನ್ನು ಹೊತ್ತ ಪಿಎಸ್‌ಎಲ್‌ವಿ-ಸಿ25 ರಾಕೆಟ್ಟಿನ ಹಾರಾಟ ಹಿಂದಿನವುಗಳಂತಿರಲಿಲ್ಲ. ಮೂರನೆಯ ಹಂತ ಮುಗಿದ ಬಳಿಕ ಅದು ಸುಮಾರು 25 ನಿಮಿಷ ಸುಮ್ಮನೆ ತೇಲಿ, ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ ನಾಲ್ಕನೆಯ ಹಂತವನ್ನು ಹೊತ್ತಿಸಬೇಕಾಗಿತ್ತು. ಅಲ್ಲಿ ನಮಗೆ ಭೂಕೇಂದ್ರವಿಲ್ಲ, ಭೂಮಿಯೇ ವಿರಳ. ಆದ್ದರಿಂದ ಭಾರತೀಯ ನೌಕಾಯಾನ ನಿಗಮದ ನಳಂದಾ ಮತ್ತು ಯಮುನಾ ಎಂಬ ಎರಡು ಹಡಗುಗಳನ್ನು ಬಾಡಿಗೆಗೆ ಪಡೆದು, ಅವುಗಳ ಮೇಲೆ ಆಂಟೆನಾಗಳನ್ನು ಹೂಡಿ, ರಾಕೆಟ್ಟಿನ ಹಾದಿಯ ಕೆಳಗೆ ನಿಲ್ಲಿಸಲಾಯಿತು. ಪ್ರತಿಕೂಲ ಹವೆಯಿಂದಾಗಿ ನಳಂದಾ ಸಕಾಲಕ್ಕೆ ಫಿಜಿ ತಲುಪಲಿಲ್ಲ. 2013ರ ಅಕ್ಟೋಬರ್ 28ಕ್ಕೆ ನಿಗದಿಯಾಗಿದ್ದ ಉಡಾವಣೆಯನ್ನು ನವೆಂಬರ್ 5ಕ್ಕೆ ಮುಂದೂಡಬೇಕಾಯಿತು. ಮಂಗಳನೆಡೆಗಿನ ಹಾದಿ ತೆರೆದಿರುವುದು ಕೆಲವೇ ವಾರಗಳು. ತಪ್ಪಿದರೆ ಇಪ್ಪತ್ತಾರು ತಿಂಗಳು ಕಾಯಬೇಕು. ಸಾಗರದ ಅಲೆಗಳ ಮೇಲಿನ ಒಂದು ಬಾಡಿಗೆಯ ಹಡಗಿನ ವೇಗವು ಅಂತರಗ್ರಹ ಯಾನದ ಪಂಚಾಂಗವನ್ನು ನಿರ್ಧರಿಸಿದ ಪ್ರಸಂಗವಿದು. ರಿಲೇ ಉಪಗ್ರಹವಿದ್ದಿದ್ದರೆ ಆ ಹಡಗುಗಳ ಅಗತ್ಯ ಬಹುಮಟ್ಟಿಗೆ ಇರುತ್ತಿರಲಿಲ್ಲ.

ಆಳ ಅಂತರಿಕ್ಷದ ಯಾನಗಳಿಗೆ ನಮ್ಮದೇ ನೆಲೆಯೊಂದು ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ 32 ಮೀಟರ್ ಮತ್ತು 18 ಮೀಟರ್ ವ್ಯಾಸದ ಆಂಟೆನಾಗಳ ಕೇಂದ್ರವು ಚಂದ್ರಯಾನ-1ರ ಉಡಾವಣೆಗೆ ಕೆಲವು ದಿನ ಮುಂಚೆ, 2008ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು. ಆದರೂ ಚಂದ್ರ ನಮ್ಮ ದಿಗಂತದಿಂದ ಮರೆಯಾದ ಹೊತ್ತಿಗೆ ಪರರ ನೆರವು ಬೇಕೇ ಬೇಕು. ಮಂಗಳಯಾನಕ್ಕೆ ನಾಸಾದ ಆಳ ಅಂತರಿಕ್ಷ ಜಾಲ ಒದಗಿಬಂತು. 2023ರ ಚಂದ್ರಯಾನ-3ಕ್ಕೆ ಯುರೋಪಿನ ಅಂತರಿಕ್ಷ ಸಂಸ್ಥೆಯ ಕೇಂದ್ರಗಳ ಜೊತೆಗೆ ಬ್ರಿಟನ್ನಿನ ಗೂನ್‌ಹಿಲಿಯಲ್ಲಿರುವ 32 ಮೀಟರಿನ ಆಂಟೆನಾ ಸಹ ನೆರವಾಯಿತು. ಗೂನ್‌ಹಿಲಿ ಸರ್ಕಾರಿ ಕೇಂದ್ರವಲ್ಲ, ಖಾಸಗಿ ಕಂಪನಿ. ಅದರ ಸೇವೆ ನಮಗೆ ತಲುಪಿದ್ದು ಯುರೋಪಿನ ಸಂಸ್ಥೆಯ ಮೂಲಕ. ಸರ್ಕಾರದಿಂದ ಸರ್ಕಾರಕ್ಕೆ ಎಂದು ಕಾಣುವ ಸಹಕಾರದ ಒಳಗೇ ವಾಣಿಜ್ಯ ಸೇವೆ ಸೇರಿಕೊಂಡಿರುವುದನ್ನು ಇಲ್ಲಿ ಕಾಣಬಹುದು.

ಅಮೆರಿಕ ಹಾಕಿದ ಸುತ್ತು

ವಾಣಿಜ್ಯ ರಿಲೇ ಸೇವೆಯನ್ನು ಕೊಳ್ಳುವುದು ಹೊಸ ಕಲ್ಪನೆಯೆಂದು ಈಗ ಹಲವರು ಬರೆಯುತ್ತಾರೆ. ಇದು ಸರಿಯಲ್ಲ. ನಾಸಾ ತನ್ನ ರಿಲೇ ಉಪಗ್ರಹ ವ್ಯವಸ್ಥೆಯನ್ನು ಮೊದಲಿಗೆ ರೂಪಿಸಿದ್ದೇ ಗುತ್ತಿಗೆಯ ಸೇವೆಯಾಗಿ. 1976ರಲ್ಲಿ ವೆಸ್ಟರ್ನ್ ಯೂನಿಯನ್ ಸಂಸ್ಥೆಯ ಅಂಗವಾದ ಸ್ಪೇಸ್‌ಕಾಮ್ ಜೊತೆ ಆದ ಒಪ್ಪಂದದಂತೆ ಕಂಪನಿಯು ಉಪಗ್ರಹಗಳನ್ನು ಒದಗಿಸಬೇಕು, ನಾಸಾ ಹತ್ತು ವರ್ಷ ಸೇವೆಯನ್ನು ಬಾಡಿಗೆಗೆ ಪಡೆಯಬೇಕು. ಅವೇ ಉಪಗ್ರಹಗಳು ವಾಣಿಜ್ಯ ಸಂವಹನಕ್ಕೂ ಬಳಕೆಯಾಗಬೇಕು. ಲೆಕ್ಕ ಕಾಗದದ ಮೇಲೆ ಚೆನ್ನಾಗಿತ್ತು. ಮೊದಲ ಉಪಗ್ರಹ 1983ರ ಏಪ್ರಿಲ್‌ನಲ್ಲಿ ಹಾರಿತು. ಎರಡನೆಯದು 1986ರ ಜನವರಿ 28ರಂದು ಚಾಲೆಂಜರ್ ನೌಕೆಯೊಡನೆ, ಏಳು ಮಂದಿ ಯಾತ್ರಿಗಳೊಡನೆ ನಾಶವಾಯಿತು. ಹಂಚಿ ಬಳಸುವ ಆಲೋಚನೆ ಕೈಬಿಟ್ಟಿತು. ವ್ಯವಸ್ಥೆ ಕ್ರಮೇಣ ಪೂರ್ತಿ ಸರ್ಕಾರದ ಸ್ವತ್ತಾಯಿತು.

ಸುಮಾರು ಅರ್ಧ ಶತಮಾನದ ನಂತರ ಚಕ್ರ ಮತ್ತೆ ತಿರುಗಿತು. 2022ರ ಏಪ್ರಿಲ್‌ನಲ್ಲಿ ನಾಸಾ ಇನ್‌ಮಾರ್‌ಸ್ಯಾಟ್, ಕೈಪರ್, ಎಸ್‌ಇಎಸ್, ಸ್ಪೇಸ್‌ಎಕ್ಸ್, ಟೆಲಿಸ್ಯಾಟ್, ವಯಾಸ್ಯಾಟ್ ಎಂಬ ಆರು ಸಂಸ್ಥೆಗಳ ಅಮೆರಿಕನ್ ಶಾಖೆಗಳೊಡನೆ ಒಟ್ಟು 27.85 ಕೋಟಿ ಡಾಲರ್ ಮೌಲ್ಯದ ಒಪ್ಪಂದಗಳನ್ನು ಘೋಷಿಸಿತು. ಪ್ರಯೋಗದ ವೆಚ್ಚದ ದೊಡ್ಡ ಪಾಲನ್ನು ಕಂಪನಿಗಳೇ ಭರಿಸಬೇಕೆಂಬುದು ಅದರ ಷರತ್ತು. 2024ರ ನವೆಂಬರ್‌ನಿಂದ ಹಳೆಯ ರಿಲೇ ವ್ಯವಸ್ಥೆಗೆ ಹೊಸ ಯಾನಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಲಾಯಿತು. ಆರು ಸಂಸ್ಥೆಗಳೆಂದು ಎಣಿಸಿದರೂ 2023ರಲ್ಲಿ ವಯಾಸ್ಯಾಟ್ ಇನ್‌ಮಾರ್‌ಸ್ಯಾಟನ್ನು ಕೊಂಡುಕೊಂಡಿತು. ಸ್ಪರ್ಧೆಯನ್ನು ನೆಚ್ಚಿ ಹೊರಟ ಖರೀದಿದಾರನ ಎದುರಿಗೇ ಸ್ಪರ್ಧಿಗಳ ಸಂಖ್ಯೆ ಕುಗ್ಗಿತು.

ಯುರೋಪ್ ನಡುದಾರಿಯನ್ನು ಹಿಡಿಯಿತು. ಅಲ್ಲಿನ ಅಂತರಿಕ್ಷ ಸಂಸ್ಥೆಯೂ ಏರ್‌ಬಸ್ ಕಂಪನಿಯೂ ಪಾಲುದಾರರಾಗಿ, ಲೇಸರ್ ಕಿರಣದಿಂದ ದತ್ತಾಂಶ ಸಾಗಿಸುವ ರಿಲೇ ವ್ಯವಸ್ಥೆಯನ್ನು ಕಟ್ಟಿದವು. ಅದರ ಮೊದಲ ಘಟಕ 2016ರಲ್ಲಿ ಒಂದು ವಾಣಿಜ್ಯ ಉಪಗ್ರಹದ ಮೇಲೆ ಸವಾರಿ ಮಾಡಿ ಹೋಯಿತು. ಭಾರತದ ರಾಕೆಟ್ ಸಹ ಈ ಚರಿತ್ರೆಯಲ್ಲಿ ಪಾತ್ರ ವಹಿಸಿದೆ: 2015ರ ಡಿಸೆಂಬರ್‌ನಲ್ಲಿ ಪಿಎಸ್‌ಎಲ್‌ವಿ-ಸಿ29 ಹೊತ್ತೊಯ್ದ ಸಿಂಗಪುರದ ವೆಲಾಕ್ಸ್-2 ಎಂಬ ಸಣ್ಣ ಉಪಗ್ರಹದಲ್ಲಿ, ಇನ್‌ಮಾರ್‌ಸ್ಯಾಟ್ ಮೂಲಕ ಭೂಮಿಗೆ ಮಾತನಾಡುವ ರಿಲೇ ಉಪಕರಣದ ಪರೀಕ್ಷೆ ನಡೆಯಿತು.

ಟೆಂಡರಿನಲ್ಲಿ ಬರೆಯಬೇಕಾದದ್ದು

ಗಗನಯಾನ ಯೋಜನೆಯು ಮೂವರನ್ನು ಸುಮಾರು 400 ಕಿಲೋಮೀಟರ್ ಎತ್ತರದ ಕಕ್ಷೆಗೆ ಒಯ್ಯುವ ಗುರಿ ಹೊಂದಿದೆ. ಇದಕ್ಕಾಗಿ ಇಸ್ರೋ ಎರಡು ಉಪಗ್ರಹಗಳ ಸ್ವಂತ ದತ್ತಾಂಶ ರಿಲೇ ವ್ಯವಸ್ಥೆಯನ್ನು ಯೋಜಿಸಿದೆ. ಅದರೊಡನೆ 2024ರ ಡಿಸೆಂಬರ್‌ನಲ್ಲಿ ಯುರೋಪಿನ ಸಂಸ್ಥೆಯೊಂದಿಗೆ ಭೂಕೇಂದ್ರಗಳ ನೆರವಿಗಾಗಿ ಒಪ್ಪಂದ ಮಾಡಿಕೊಂಡಿದೆ. ವಾಣಿಜ್ಯ ರಿಲೇ ಸೇವೆಯನ್ನೂ ಇವುಗಳ ಜೊತೆಗೆ ಕೊಳ್ಳುವುದಾದರೆ ಖರೀದಿಯ ನಿಯಮಗಳು ಅದಕ್ಕೆ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದನ್ನು ನೋಡಬೇಕು.

ನಮ್ಮ ಸರ್ಕಾರಿ ಕಚೇರಿಗಳಲ್ಲಿ ರೂಢಿಯಾದ ವಿಧಾನ ಎರಡು ಲಕೋಟೆಗಳದು. ಮೊದಲ ಲಕೋಟೆಯಲ್ಲಿ ತಾಂತ್ರಿಕ ಅರ್ಹತೆ, ಎರಡನೆಯದರಲ್ಲಿ ದರ. ಅರ್ಹರಾದವರಲ್ಲಿ ಕನಿಷ್ಠ ದರ ನಮೂದಿಸಿದವನಿಗೆ ಗುತ್ತಿಗೆ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳಾಗಲಿ, ರಾಜ್ಯದಲ್ಲಿ ಜಾರಿಯಲ್ಲಿರುವ 1999ರ ಪಾರದರ್ಶಕತೆ ಅಧಿನಿಯಮವಾಗಲಿ ಈ ತತ್ತ್ವವನ್ನೇ ಆಧರಿಸಿವೆ. ಕಾಲೇಜಿಗೆ ಬೆಂಚು ಕೊಳ್ಳುವಾಗ ಇದು ನ್ಯಾಯವಾದ ದಾರಿ. ರಿಲೇ ಸೇವೆಯಲ್ಲಾದರೋ ಅರ್ಹತೆ ಎಂಬುದು ಹೌದು–ಅಲ್ಲ ಎಂದು ಹೇಳಿ ಮುಗಿಸುವ ಸಂಗತಿಯಲ್ಲ. ಶೇಕಡಾ 99ರಷ್ಟು ಲಭ್ಯತೆ ಎಂದರೆ ಕೇಳಲು ಸೊಗಸು. ಮೂರು ದಿನಗಳ ಯಾನದಲ್ಲಿ ಅದು ಮುಕ್ಕಾಲು ಗಂಟೆಯ ಮೌನವನ್ನು ಒಪ್ಪಿಕೊಂಡಂತೆ. ಆ ಮೌನ ಯಾತ್ರಿಗಳು ನಿದ್ರಿಸುವಾಗ ಬೀಳುವುದೋ, ಹಿಂದಿರುಗಲು ಎಂಜಿನ್ ಹೊತ್ತಿಸುವ ಕ್ಷಣದಲ್ಲಿ ಬೀಳುವುದೋ ಎಂಬುದರಲ್ಲಿ ಜೀವ–ಮರಣದ ವ್ಯತ್ಯಾಸವಿದೆ. ಆದ್ದರಿಂದ ಸರಾಸರಿ ಲಭ್ಯತೆಗಿಂತ ನಿರ್ದಿಷ್ಟ ಘಟ್ಟಗಳ ಲಭ್ಯತೆಯನ್ನು ಬೇರೆಯಾಗಿ ನಮೂದಿಸುವುದು, ಅದಕ್ಕೆ ಬೇರೆಯೇ ದರ ಮತ್ತು ದಂಡ ವಿಧಿಸುವುದು ಅವಶ್ಯ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯವು ಸಲಹಾ ಸೇವೆಗಳಲ್ಲದ ಖರೀದಿಯಲ್ಲಿಯೂ ಗುಣಮಟ್ಟಕ್ಕೆ ಶೇಕಡಾ 30ರವರೆಗೆ ಅಂಕ ನೀಡಲು ಅವಕಾಶ ಕಲ್ಪಿಸಿತು. ಇಂತಹ ಸೇವೆಗೆ ಅಷ್ಟು ಸಾಲದೆಂದೇ ನನ್ನ ಎಣಿಕೆ. ಆದರೂ ಕನಿಷ್ಠ ದರದ ಹಟಕ್ಕಿಂತ ಅದು ಮೇಲು.

ವಾಣಿಜ್ಯ ಉಪಗ್ರಹಗಳ ಸ್ವಭಾವವನ್ನೂ ಖರೀದಿದಾರ ಅರಿತಿರಬೇಕು. ಅವುಗಳ ಕಿರಣಗಳು ಹಣ ಕೊಡುವ ಗ್ರಾಹಕರಿರುವ ನೆಲದ ಮೇಲೆ, ಹಡಗು–ವಿಮಾನಗಳ ಹಾದಿಯ ಮೇಲೆ ಕೇಂದ್ರೀಕೃತವಾಗಿರುತ್ತವೆ. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸಾಗುವ ನೌಕೆಯು ಕಿರಣದಿಂದ ಕಿರಣಕ್ಕೆ ಕ್ಷಣಕ್ಷಣಕ್ಕೂ ದಾಟುತ್ತ, ನಿರ್ಜನ ಸಾಗರದ ಮೇಲೆ ಕಿರಣವೇ ಇಲ್ಲದ ಜಾಗವನ್ನೂ ತಲುಪೀತು. ವೇಗದಿಂದ ಆವೃತ್ತಿಯೂ ಪಲ್ಲಟಗೊಳ್ಳುತ್ತದೆ. ಭೂಸ್ಥಿರ ಕಕ್ಷೆಯ ಮೂಲಕ ಬರುವ ಪ್ರತಿ ಮಾತಿಗೂ ಕಾಲು ಸೆಕೆಂಡಿನಷ್ಟು ವಿಳಂಬ ಕೂಡುತ್ತದೆ. ಕಾನೂನಿನ ತೊಡಕೂ ಇತ್ತು: ನೆಲಕ್ಕೂ ಉಪಗ್ರಹಕ್ಕೂ ಮೀಸಲಾದ ಆವೃತ್ತಿಗಳನ್ನು ಉಪಗ್ರಹ–ಉಪಗ್ರಹಗಳ ನಡುವೆ ಬಳಸಲು ಅಂತರರಾಷ್ಟ್ರೀಯ ಸಮ್ಮತಿ ಬೇಕಿತ್ತು. ಕಾ ಬ್ಯಾಂಡಿನ ಕೆಲವು ಭಾಗಗಳಿಗೆ ಅದು ದೊರೆತದ್ದು 2023ರ ಕೊನೆಯಲ್ಲಿ ದುಬೈಯಲ್ಲಿ ನಡೆದ ವಿಶ್ವ ರೇಡಿಯೋ ಸಂವಹನ ಸಮ್ಮೇಳನದಲ್ಲಿ.

ಸೇವೆಯ ಖರೀದಿಯಿಂದ ಬೆಳಗಾವಿಯಂತಹ ಊರಿಗೆ ತಟ್ಟುವ ಇನ್ನೊಂದು ಪರಿಣಾಮವನ್ನು ಯಾರೂ ಅಷ್ಟಾಗಿ ಚರ್ಚಿಸಿಲ್ಲ. ಬೆಳಗಾವಿಯು ಎರಕದ ಕಾರ್ಖಾನೆಗಳಿಗೆ, ಹೈಡ್ರಾಲಿಕ್ ಉಪಕರಣಗಳಿಗೆ, ನಿಖರ ಯಂತ್ರಭಾಗಗಳಿಗೆ ಹೆಸರಾದ ನಗರ. ಹತ್ತಿರದ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳ ವಿಶೇಷ ಆರ್ಥಿಕ ವಲಯವೂ ಇದೆ. ಬ್ಯಾಲಾಳುವಿನ 32 ಮೀಟರ್ ಆಂಟೆನಾವನ್ನು ಹೈದರಾಬಾದಿನ ಇಸಿಐಎಲ್ ಮುಂದಾಳತ್ವದಲ್ಲಿ ದೇಶದೊಳಗೇ ಕಟ್ಟಲಾಯಿತು. ಸರ್ಕಾರ ತಾನೇ ವ್ಯವಸ್ಥೆಯನ್ನು ಕಟ್ಟಿದಾಗ ಆಂಟೆನಾದ ಪೀಠ, ಅದನ್ನು ತಿರುಗಿಸುವ ಗಾಲಿ, ಬೇರಿಂಗುಗಳ ಬೇಡಿಕೆ ಇಂತಹ ಊರುಗಳವರೆಗೆ ಹರಿಯುವ ಸಾಧ್ಯತೆ ಇರುತ್ತದೆ. ನಿಮಿಷಗಳ ಲೆಕ್ಕದಲ್ಲಿ ವಿದೇಶಿ ಸೇವೆಯನ್ನು ಕೊಂಡಾಗ ಬರುವುದು ತಿಂಗಳ ಬಿಲ್ಲು ಮಾತ್ರ. 2019ರಲ್ಲಿ ಸ್ಥಾಪನೆಯಾದ ನ್ಯೂ ಸ್ಪೇಸ್ ಇಂಡಿಯಾ ಸಂಸ್ಥೆ, 2023ರ ಭಾರತೀಯ ಅಂತರಿಕ್ಷ ನೀತಿ ಇವು ಖಾಸಗಿ ಭಾರತೀಯ ಸಂಸ್ಥೆಗಳಿಗೆ ಬಾಗಿಲು ತೆರೆದಿವೆಯಾದರೂ, ರಿಲೇ ಸೇವೆಯಂತಹ ಒಬ್ಬನೇ ದೊಡ್ಡ ಗ್ರಾಹಕನಿರುವ ಮಾರುಕಟ್ಟೆಗೆ ಬಂಡವಾಳ ತಾನಾಗಿ ಬರಲಾರದು. ಮುಂಗಡವಾಗಿ ಇಷ್ಟು ವರ್ಷ, ಇಷ್ಟು ನಿಮಿಷ ಕೊಳ್ಳುತ್ತೇವೆಂಬ ಸರ್ಕಾರದ ಬರಹ ಬೇಕು.

ಮಳೆಯ ಲೆಕ್ಕ

ಕೊನೆಯದಾಗಿ, ಖಾನಾಪುರದ ಮಳೆಯ ಮಾತು. ಕೆಯು ಬ್ಯಾಂಡಿನ ಸಂಕೇತ ಜಡಿಮಳೆಯಲ್ಲಿ ಕ್ಷೀಣಿಸುತ್ತದೆಂಬುದು ಮಳೆಗಾಲದಲ್ಲಿ ಡಿಟಿಎಚ್ ತೆರೆ ಚುಕ್ಕಿಚುಕ್ಕಿಯಾಗುವುದನ್ನು ಕಂಡವರಿಗೆಲ್ಲ ಗೊತ್ತು. ಸಿ ಬ್ಯಾಂಡಿನಲ್ಲಿ ಈ ತೊಂದರೆ ಅಲ್ಪ, ಕಾ ಬ್ಯಾಂಡಿನಲ್ಲಿ ಬಹಳ ಹೆಚ್ಚು. ಹೊಸ ರಿಲೇ ವ್ಯವಸ್ಥೆಗಳು ಹೆಚ್ಚಿನ ದತ್ತಾಂಶಕ್ಕಾಗಿ ಕಾ ಬ್ಯಾಂಡನ್ನೇ ಆಶ್ರಯಿಸುತ್ತವೆ. ನೌಕೆಗೂ ರಿಲೇ ಉಪಗ್ರಹಕ್ಕೂ ನಡುವೆ ಮಳೆಯಿಲ್ಲ. ಆದರೆ ರಿಲೇ ಉಪಗ್ರಹದಿಂದ ಭೂಕೇಂದ್ರಕ್ಕೆ ಇಳಿಯುವ ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲಿ ಮೋಡವಿದೆ. ಇದಕ್ಕೆ ಪರಿಹಾರವೆಂದರೆ ಒಂದೇ ಹೊತ್ತಿಗೆ ಮಳೆ ಬೀಳದಷ್ಟು ದೂರದಲ್ಲಿ ಎರಡು ಕೇಂದ್ರಗಳನ್ನಿಟ್ಟು, ಒಂದು ಮಂಕಾದಾಗ ಇನ್ನೊಂದಕ್ಕೆ ಹೊರಳುವುದು. ರಾಜ್ಯದ ಅತಿ ಹೆಚ್ಚು ಮಳೆಯ ತಾಣಗಳಲ್ಲಿ ಒಂದಾದ ಆಮಗಾಂವ್ ಇರುವುದು ಬೆಳಗಾವಿ ಜಿಲ್ಲೆಯಲ್ಲೇ. ಒಣಹವೆಯ ಅಥಣಿ, ರಾಯಬಾಗ ಇರುವುದೂ ಅದೇ ಜಿಲ್ಲೆಯಲ್ಲೇ. ಇಷ್ಟು ಕಿರಿದಾದ ಅಂತರದಲ್ಲಿ ಇಷ್ಟು ತೀವ್ರವಾಗಿ ಮಳೆ ಇಳಿಮುಖವಾಗುವ ಪ್ರದೇಶ ಸಂಕೇತ ಕ್ಷೀಣತೆಯ ಅಳತೆಗೆ ಸಹಜ ಪ್ರಯೋಗಶಾಲೆ. ಖಾನಾಪುರ, ಮಚ್ಛೆ, ಅಥಣಿ ಈ ಮೂರು ಕಡೆ ಸರಳ ಗ್ರಾಹಕಗಳನ್ನೂ ಮಳೆಮಾಪಕಗಳನ್ನೂ ಇಟ್ಟು ಮೂರು ಮುಂಗಾರುಗಳ ಕಾಲ ಅಳೆಯುವುದು ಯಾವ ಇಂಜಿನಿಯರಿಂಗ್ ಕಾಲೇಜಿಗೂ ಭಾರವಾದ ಕೆಲಸವಲ್ಲ. ಲಭ್ಯತೆ ಶೇಕಡಾ ಎಷ್ಟೆಂದು ಕಂಪನಿಯೊಂದು ಟೆಂಡರಿನಲ್ಲಿ ಬರೆದುಕೊಟ್ಟಾಗ, ಆ ಅಂಕಿಯನ್ನು ತಾಳೆ ನೋಡಲು ಖರೀದಿದಾರನ ಬಳಿ ತನ್ನದೇ ಆದ ಮಳೆಗಾಲದ ದಾಖಲೆ ಇರಬೇಕಾಗುತ್ತದೆ.